ಎದುರು ಪಕ್ಷ ಕೇಳಿದ ದಾಖಲೆ ಕೊಡದಿದ್ದರೆ ನನ್ನ ದಾವೆಯೇ ವಜಾ ಆಗುತ್ತದೆಯೇ?

ಆಗಬಹುದು, ಆದರೆ ಒಂದು ವಾಯಿದೆ ತಪ್ಪಿದ ಮಾತ್ರಕ್ಕಲ್ಲ. ಲೆಕ್ಕದ ಪುಸ್ತಕವನ್ನೋ ಕರಾರುಪತ್ರವನ್ನೋ ತೋರಿಸಿ ಎಂದು ಕೋರ್ಟ್ ಆದೇಶ ಮಾಡಿದ ಮೇಲೂ ವಾದಿ ಸುಮ್ಮನೆ ಕೂತರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದ (ಇಲ್ಲಿ ‘ಆದೇಶ’ ಎಂದರೆ ಸಂಹಿತೆಯ ಅಧ್ಯಾಯದಂಥ ಭಾಗ) 21ನೇ ನಿಯಮದಡಿ ದಾವೆ ವಜಾ ಮಾಡಿ ಎಂದು ಪ್ರತಿವಾದಿ ಅರ್ಜಿ ಹಾಕಬಹುದು. ತಪ್ಪು ಪ್ರತಿವಾದಿಯದಾದರೆ ಅವರ ಪ್ರತಿವಾದವನ್ನೇ ಹೊಡೆದುಹಾಕಬಹುದು.

ಇದು ಕಠಿಣ ಶಿಕ್ಷೆ. ಬೇಕೆಂದೇ ಆದೇಶ ಮೀರಿದ್ದು ಕಂಡರೆ ಮಾತ್ರ, ಅದೂ ಕೊನೆಯ ಅಸ್ತ್ರವಾಗಿ ಬಳಸಬೇಕೆಂದು ಬಬ್ಬರ್ ಹೊಲಿಗೆ ಯಂತ್ರ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ನಿಜವಾದ ಪೆಟ್ಟು ಬೀಳುವುದು ಆಮೇಲೆ: ಅದೇ ವ್ಯಾಜ್ಯಕಾರಣಕ್ಕೆ, ಅಂದರೆ ದಾವೆಗೆ ಆಧಾರವಾದ ಅದೇ ಸಂಗತಿಗೆ, ಮತ್ತೆ ದಾವೆ ಹೂಡುವಂತಿಲ್ಲ. ಅದೇ ಸಂಹಿತೆಯ 43ನೇ ಆದೇಶದಡಿ ಮೇಲ್ಮನವಿಗೇನೋ ದಾರಿಯಿದೆ.

ದಾಖಲೆ ನಿಮ್ಮ ಬಳಿ ಇಲ್ಲವೇ ಇಲ್ಲವೆಂದರೆ, ವಕೀಲರಿಗೆ ಹೇಳಿ ಈಗಲೇ ಅಫಿಡವಿಟ್‌ನಲ್ಲಿ ಹಾಗೆಂದು ಬರೆದುಕೊಡಿ.