ಜರ್ಮನಿಯಲ್ಲಿ ಇಂಗ್ಲಿಷಲ್ಲೇ ಓದೋಕೆ ನಿಜವಾಗ್ಲೂ ಎಷ್ಟು ಕೋರ್ಸ್ ಇವೆ? ಕನ್ಸಲ್ಟೆನ್ಸಿಯವರು ಐದೇ ಅಂತಾರೆ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆ, ವಿಟಿಯು ಮೆಕ್ಯಾನಿಕಲ್ ಬಿಇ, ಸಿಜಿಪಿಎ 7.6, ಕನ್ಸಲ್ಟೆನ್ಸಿಯವರು ಒಂದು ಹಾಳೆ ಮೇಲೆ ಐದು ಯೂನಿವರ್ಸಿಟಿ ಹೆಸರು ಬರೆದುಕೊಟ್ಟು ನಿಮ್ಮ ಮಾರ್ಕ್ಸಿಗೆ ಇಷ್ಟೇ ಸಿಗೋದು ಅಂದಿದಾರೆ, ಇದು ನಿಜಾನಾ, ಬೇರೆ ಕೋರ್ಸ್ ಇಲ್ವಾ, ಪಿಯುಸಿ ಓದ್ತಿರೋ ತಮ್ಮನಿಗೂ ಏನಾದ್ರೂ ದಾರಿ ಇದೆಯಾ ಅಂತ ಕೇಳಿದೀರಿ. ನಾನು ಹಾಸನದವನು, ಚೆಮ್ನಿಟ್ಸಲ್ಲಿ ಮಾಸ್ಟರ್ಸ್ ಮಾಡಿ ಈಗ ಜರ್ಮನಿಯಲ್ಲೇ ಕೆಲಸದಲ್ಲಿದೀನಿ, ಊರಿಂದ ಫೋನ್ ಮಾಡೋ ಹುಡುಗ್ರು ಹುಡುಗೀರಿಗೆ ಇದನ್ನೇ ಮತ್ತೆ ಮತ್ತೆ ಹೇಳ್ತಿರ್ತೀನಿ, ಹಾಗಾಗಿ ಸ್ವಲ್ಪ ಉದ್ದ ಆದ್ರೂ ಪೂರ್ತಿ ಬರೀತೀನಿ.

ಐದು ಅನ್ನೋದು ಸುಳ್ಳು. ಡಿಎಎಡಿ ಅಂತ ಜರ್ಮನಿಯ ಒಂದು ಸಂಸ್ಥೆ ಇದೆ, 1925ರಿಂದ ಇದೆ, ಹೊರದೇಶದ ವಿದ್ಯಾರ್ಥಿಗಳ ವಿಷಯ ನೋಡ್ಕೊಳ್ಳೋದೇ ಅದರ ಕೆಲಸ. ಅವರ ವೆಬ್‌ಸೈಟಲ್ಲಿ ಇಂಟರ್‌ನ್ಯಾಷನಲ್ ಪ್ರೋಗ್ರಾಮ್ಸ್ ಅಂತ ಒಂದು ಹುಡುಕೋ ಪುಟ ಇದೆ, ಎರಡು ಸಾವಿರಕ್ಕೂ ಹೆಚ್ಚು ಕೋರ್ಸ್ ಅಲ್ಲಿವೆ, ಒಂದು ಪೈಸೆ ಕೊಡಬೇಕಾಗಿಲ್ಲ. ಭಾಷೆ ಇಂಗ್ಲಿಷ್ ಮಾತ್ರ, ಮಾಸ್ಟರ್ಸ್, ಎಂಜಿನಿಯರಿಂಗ್, ಟ್ಯೂಷನ್ ಫೀ ಇಲ್ಲ, ಹೀಗೆ ಒಂದೊಂದೇ ಫಿಲ್ಟರ್ ಹಾಕ್ತಾ ಹೋಗಿ, ಆ ಹಾಳೆಯಲ್ಲಿ ಇಲ್ಲದ ಎಷ್ಟು ಹೆಸರು ಬರತ್ತೆ ಅಂತ ನೀವೇ ನೋಡಿ. ಕನ್ಸಲ್ಟೆನ್ಸಿಯವರು ಎಲ್ಲರೂ ಕೆಟ್ಟವರು ಅಂತ ನಾನು ಹೇಳಲ್ಲ, ಆದ್ರೆ ಕೆಲವರಿಗೆ ಪ್ರೈವೇಟ್ ಕಾಲೇಜುಗಳಿಂದ ಒಬ್ಬೊಬ್ಬ ವಿದ್ಯಾರ್ಥಿಗೆ ಇಷ್ಟು ಅಂತ ಕಮಿಷನ್ ಬರತ್ತೆ, ಸರ್ಕಾರಿ ಯೂನಿವರ್ಸಿಟಿಗಳು ಹಾಗೆ ಕೊಡೋದಿಲ್ಲ, ಹಾಗಾಗಿ ಆ ಐದರಲ್ಲಿ ಎಷ್ಟು ಪ್ರೈವೇಟ್ ಅಂತ ಮೊದಲು ಎಣಿಸಿ. ನನಗೆ ಪರಿಚಯದ ಒಂದು ಹುಡುಗಿ, ಅಪ್ಪ ಜಮೀನು ಅಡ ಇಟ್ಟು ಫೀಸ್ ಕಟ್ಟಿದಾರೆ, ಅದೇ ಊರಿನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಹೆಚ್ಚುಕಮ್ಮಿ ಅದೇ ವಿಷಯ ಫೀಸಿಲ್ಲದೆ ಇತ್ತು, ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು. ಅದನ್ನ ನೆನೆಸ್ಕೊಂಡ್ರೆ ನನಗೆ ಈಗಲೂ ಸಿಟ್ಟು ಬರತ್ತೆ.

ಫೀಸಿಲ್ಲ ಅನ್ನೋದಕ್ಕೂ ಕೆಲವು ಅಪವಾದ ಇವೆ, ಅದನ್ನ ಮುಚ್ಚಿಡಬಾರದು. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, ಅಂದ್ರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ, ಫ್ರೈಬುರ್ಗ್ ಎಲ್ಲ ಅಲ್ಲಿ ಬರೋದು, ನಮ್ಮಂಥ ಯುರೋಪಿನ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1500 ಯೂರೋ ಇದೆ. ಮ್ಯೂನಿಕ್ಕಿನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರಿಂದ ಶುರು ಮಾಡಿದೆ, ಮಾಸ್ಟರ್ಸಿಗೆ ಸೆಮಿಸ್ಟರಿಗೆ 4000ದಿಂದ 6000 ಯೂರೋ. ಇನ್ನು ಕೆಲವು ಸರ್ಕಾರಿ ಯೂನಿವರ್ಸಿಟಿಗಳಲ್ಲೇ ಕೆಲಸದ ಅನುಭವ ಇರೋರಿಗೆ ಅಂತ ಬೇರೆ ಮಾಸ್ಟರ್ಸ್ ಇರತ್ತೆ, ಅದಕ್ಕೆ ಫೀಸ್ ಇರತ್ತೆ, ಯೂನಿವರ್ಸಿಟಿ ಹೆಸರು ನೋಡಿ ಫ್ರೀ ಅಂದ್ಕೋಬೇಡಿ, ಆ ಕೋರ್ಸಿನ ಪುಟದಲ್ಲೇ ನೋಡಿ. ಫೀಸ್ ಇಲ್ಲದ ಕಡೆನೂ ಸೆಮಿಸ್ಟರ್ ಕಾಂಟ್ರಿಬ್ಯೂಷನ್ ಅಂತ ಸುಮಾರು 150ರಿಂದ 350 ಯೂರೋ ಕಟ್ಟಬೇಕು, ಬಹಳ ಕಡೆ ಬಸ್ಸು ಟ್ರಾಮ್ ಪಾಸು ಅದರಲ್ಲೇ ಸೇರಿರತ್ತೆ.

ಇನ್ನೊಂದು ಕಡೆ ಬಹಳ ಜನ ಗೊಂದಲ ಆಗ್ತಾರೆ. ಯೂನಿವರ್ಸಿಟಿ ವೆಬ್‌ಸೈಟಲ್ಲಿ ಕೋರ್ಸಸ್ ಇನ್ ಇಂಗ್ಲಿಷ್ ಅಂತ ಉದ್ದದ ಪಟ್ಟಿ ಸಿಗತ್ತೆ, ಓ ಇಷ್ಟೊಂದು ಇದೆಯಲ್ಲ ಅಂತ ಖುಷಿ ಆಗತ್ತೆ. ಎಷ್ಟೋ ಸಲ ಆ ಪಟ್ಟಿ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಹಾಕಿರೋದು, ಅಂದ್ರೆ ಒಪ್ಪಂದ ಇರೋ ಬೇರೆ ಯೂನಿವರ್ಸಿಟಿಯಿಂದ ಒಂದೋ ಎರಡೋ ಸೆಮಿಸ್ಟರಿಗೆ ಬಂದು ನಾಲ್ಕು ಸಬ್ಜೆಕ್ಟ್ ಓದಿ ಕ್ರೆಡಿಟ್ ತಗೊಂಡು ವಾಪಸ್ ಹೋಗೋರಿಗೆ. ಅದರಲ್ಲಿ ಇರೋದೆಲ್ಲ ಬಿಡಿ ಬಿಡಿ ಸಬ್ಜೆಕ್ಟು, ಅದರಿಂದ ಡಿಗ್ರಿ ಸಿಗಲ್ಲ. ನಿಮಗೆ ಬೇಕಿರೋದು ಡಿಗ್ರಿ ಪ್ರೋಗ್ರಾಮ್, ಜರ್ಮನ್ನಲ್ಲಿ ಸ್ಟುಡಿಯೆನ್‌ಗಾಂಗ್ ಅಂತಾರೆ. ನಿಮ್ಮ ತಂಗಿನೋ ಫ್ರೆಂಡೋ ಈಗ ಬಿಇ ಓದ್ತಾ ಇದ್ದು ಅವರ ಕಾಲೇಜಿಗೆ ಅಂಥ ಒಪ್ಪಂದ ಇದ್ರೆ ಆ ಎಕ್ಸ್‌ಚೇಂಜ್ ಪಟ್ಟಿ ಅವರಿಗೆ ಬಂಗಾರ, ಸಾಮಾನ್ಯವಾಗಿ ಜರ್ಮನಿಯಲ್ಲಿ ಹೆಚ್ಚಿನ ಫೀಸ್ ಇರಲ್ಲ, ಓದಿದ ಕ್ರೆಡಿಟ್ ಅವರ ಕಾಲೇಜಲ್ಲಿ ಎಣಿಸ್ತಾರೆ, ಆದ್ರೆ ಹೋಗೋ ಮುಂಚೆನೇ ಯಾವ ಸಬ್ಜೆಕ್ಟಿಗೆ ಯಾವುದು ಅಂತ ಕಾಲೇಜಿಂದ ಬರಹದಲ್ಲಿ ಒಪ್ಪಿಗೆ ತಗೋಬೇಕು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಮೆಕ್ಯಾನಿಕಲ್ ಮುಗಿಸಿದವರು ಅಂದ್ರೆ ಎಲ್ಲರೂ ಆಟೋಮೋಟಿವ್ ಅಂತ ಒಂದೇ ಹೆಸರಿನ ಹಿಂದೆ ಓಡ್ತಾರೆ, ಅಲ್ಲಿ ಅಪ್ಲಿಕೇಷನ್ ರಾಶಿ ಬೀಳತ್ತೆ. ಸ್ವಲ್ಪ ಪಕ್ಕಕ್ಕೆ ನೋಡಿ. ಡ್ಯೂಸ್‌ಬುರ್ಗ್ ಎಸ್ಸೆನ್ನಲ್ಲಿ ಕಂಪ್ಯುಟೇಷನಲ್ ಮೆಕ್ಯಾನಿಕ್ಸ್, ಬ್ರೌನ್‌ಶ್ವೈಗಲ್ಲಿ ಕಂಪ್ಯುಟೇಷನಲ್ ಸೈನ್ಸಸ್ ಇನ್ ಎಂಜಿನಿಯರಿಂಗ್, ಜೀಗೆನ್ನಲ್ಲಿ ಮೆಕಾಟ್ರಾನಿಕ್ಸ್, ಮಾಗ್ಡೆಬುರ್ಗಲ್ಲಿ ಕೆಮಿಕಲ್ ಅಂಡ್ ಎನರ್ಜಿ ಎಂಜಿನಿಯರಿಂಗ್, ಇವೆಲ್ಲ ಇಂಗ್ಲಿಷಲ್ಲಿ ನಡೆಸಿಕೊಂಡು ಬಂದಿರೋ ಕೋರ್ಸುಗಳು. ಓಲ್ಡನ್‌ಬುರ್ಗಲ್ಲಿ ರಿನ್ಯೂವಬಲ್ ಎನರ್ಜಿಯ ಇಂಗ್ಲಿಷ್ ಕೋರ್ಸು 1987ರಿಂದ ಇದೆ, ಸೋಲಾರ್ ಫ್ಯಾಷನ್ ಆಗೋಕೆ ಎಷ್ಟೋ ಮುಂಚೆ. ಫ್ರೈಬೆರ್ಗಲ್ಲಿ 1765ರಲ್ಲಿ ಶುರುವಾದ ಗಣಿಗಾರಿಕೆ ಯೂನಿವರ್ಸಿಟಿ ಇದೆ, ಅಲ್ಲಿ ಗ್ರೌಂಡ್‌ವಾಟರ್ ಮ್ಯಾನೇಜ್‌ಮೆಂಟ್ ಅಂತ ಮಾಸ್ಟರ್ಸ್ ಇದೆ, ಅದು ನಿಮಗಲ್ಲ, ಆದ್ರೆ ಬೋರ್‌ವೆಲ್ ಸಾವಿರ ಅಡಿಗೆ ಇಳಿದಿರೋ ಕೋಲಾರದ ಕಡೆಯ ಸಿವಿಲ್ಲೋ ಜಿಯಾಲಜಿನೋ ಓದಿದ ಯಾರಾದ್ರೂ ಇದನ್ನ ಓದ್ತಿದ್ರೆ ಅಂತ ಹೇಳ್ದೆ. ಧಾರವಾಡದ್ದೋ ಜಿಕೆವಿಕೆದೋ ಬಿಎಸ್ಸಿ ಅಗ್ರಿ ಆದವರು ಗೋಯೆಟಿಂಗೆನ್ ಮತ್ತು ಕಾಸೆಲ್ ಸೇರಿ ನಡೆಸೋ ಸಸ್ಟೈನಬಲ್ ಇಂಟರ್‌ನ್ಯಾಷನಲ್ ಅಗ್ರಿಕಲ್ಚರ್ ನೋಡಿ. ನಮ್ಮವರಲ್ಲಿ ವಿದೇಶ ಅಂದ್ರೆ ಕಂಪ್ಯೂಟರ್ ಒಂದೇ ಅನ್ನೋ ಹಾಗಾಗಿದೆ, ಅದು ಹೋಗಬೇಕು ಅಂತ ನನಗೆ ಬಹಳ ಆಸೆ.

ಹಾಗಾದ್ರೆ ಇದರಲ್ಲಿ ನಿಮಗೆ ಯಾವುದು ಸಿಗತ್ತೆ? ಇಲ್ಲೇ ನಾನು ಒತ್ತಿ ಹೇಳಬೇಕಾಗಿರೋದು ಇರೋದು. ಕೋರ್ಸಿನ ಹೆಸರು ನೋಡಿ ಆರಿಸಬೇಡಿ, ಮೊಡ್ಯೂಲ್‌ಹಾಂಡ್‌ಬುಖ್ ಓದಿ ಆರಿಸಿ. ಪ್ರತಿ ಕೋರ್ಸಿಗೂ ಈ ಪಿಡಿಎಫ್ ಇರತ್ತೆ, ಗೂಗಲಲ್ಲಿ ಕೋರ್ಸಿನ ಹೆಸರು ಹಾಕಿ ಪಕ್ಕದಲ್ಲಿ ಮೊಡ್ಯೂಲ್ ಹ್ಯಾಂಡ್‌ಬುಕ್ ಅಂತ ಹಾಕಿದ್ರೆ ಸಿಗತ್ತೆ. ನೂರು ಇನ್ನೂರು ಪುಟ ಇರತ್ತೆ, ಹೆದರಬೇಡಿ. ಒಂದೊಂದು ಸಬ್ಜೆಕ್ಟಿನಲ್ಲಿ ಏನು ಕಲಿಸ್ತಾರೆ, ಎಷ್ಟು ಕ್ರೆಡಿಟ್ಟು, ಯಾವ ಭಾಷೆಯಲ್ಲಿ, ಪರೀಕ್ಷೆ ಬರೆಯೋದಾ ಬಾಯಲ್ಲಿ ಹೇಳೋದಾ, ಯಾವ ಸೆಮಿಸ್ಟರಲ್ಲಿ ಮಾತ್ರ ನಡೆಯತ್ತೆ, ಎಲ್ಲ ಅದರಲ್ಲಿರತ್ತೆ. ಕೆಲವು ಕಡೆ ಕೋರ್ಸು ಇಂಗ್ಲಿಷ್ ಅಂತ ಹಾಕಿರ್ತಾರೆ, ಒಳಗೆ ನೋಡಿದ್ರೆ ಐಚ್ಛಿಕ ಸಬ್ಜೆಕ್ಟುಗಳಲ್ಲಿ ಅರ್ಧಕ್ಕರ್ಧ ಜರ್ಮನ್ ಭಾಷೆಯಲ್ಲಿರತ್ತೆ, ಇದು ಬ್ರೋಷರಲ್ಲಿ ಕಾಣಲ್ಲ, ಈ ಪಿಡಿಎಫಲ್ಲಿ ಮಾತ್ರ ಕಾಣೋದು.

ಅಡ್ಮಿಷನ್ನೂ ಇದರ ಮೇಲೇ ನಿಂತಿರೋದು. ಇಲ್ಲಿ ಎಲ್ಲ ಇಸಿಟಿಎಸ್ ಕ್ರೆಡಿಟ್ಟಲ್ಲಿ ಲೆಕ್ಕ, ವರ್ಷಕ್ಕೆ 60, ಎರಡು ವರ್ಷದ ಮಾಸ್ಟರ್ಸ್ ಅಂದ್ರೆ 120, ಒಂದು ಕ್ರೆಡಿಟ್ ಅಂದ್ರೆ 25ರಿಂದ 30 ಗಂಟೆ ಓದು. ನಿಮ್ಮ ಬಿಇಲಿ ಗಣಿತ ಎಷ್ಟು, ಮೆಕ್ಯಾನಿಕ್ಸ್ ಎಷ್ಟು, ಥರ್ಮೋಡೈನಮಿಕ್ಸ್ ಎಷ್ಟು ಅಂತ ಅವರು ಕೂತು ಹೊಂದಿಸಿ ನೋಡ್ತಾರೆ. ಮಾರ್ಕ್ಸ್ 9 ಇದ್ದು ರಿಜೆಕ್ಟ್ ಆಗಿ, 7 ಚಿಲ್ಲರೆ ಇದ್ದು ಸೀಟ್ ಸಿಕ್ಕಿರೋರನ್ನ ನಾನು ನೋಡಿದೀನಿ, ಕಾರಣ ಇದೇ. ಮೆಕ್ಯಾನಿಕಲ್ ಓದಿ ಆನ್‌ಲೈನಲ್ಲಿ ಪೈಥಾನ್ ಕೋರ್ಸ್ ಸರ್ಟಿಫಿಕೇಟ್ ಇಟ್ಕೊಂಡು ಡೇಟಾ ಸೈನ್ಸಿಗೆ ಹಾಕ್ತಾರೆ, ಆ ಸರ್ಟಿಫಿಕೇಟಿಗೆ ಇಲ್ಲಿ ಬಹುತೇಕ ಬೆಲೆ ಇಲ್ಲ, ಮಾರ್ಕ್ಸ್ ಕಾರ್ಡಲ್ಲಿ ಕಂಪ್ಯೂಟರ್ ಸೈನ್ಸಿನ ಕ್ರೆಡಿಟ್ ಇಲ್ಲ ಅಂದ್ರೆ ಇಲ್ಲ. ಹಾಗಾಗಿ ನಿಮ್ಮ ವಿಟಿಯು ಸಿಲೆಬಸ್ ಕಾಪಿ ಎಲ್ಲ ಸೆಮಿಸ್ಟರಿಂದೂ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಎಷ್ಟೋ ಕಡೆ ಕೇಳ್ತಾರೆ.

ನಿಮ್ಮ 7.6 ಇಲ್ಲಿ ಎಷ್ಟಾಗತ್ತೆ ಅಂತಾನೂ ಕೇಳಿದ್ರಿ. ಇಲ್ಲಿ 1.0 ಅಂದ್ರೆ ಶ್ರೇಷ್ಠ, 4.0 ಅಂದ್ರೆ ಜಸ್ಟ್ ಪಾಸ್. ನಮ್ಮ ಮಾರ್ಕ್ಸನ್ನ ಇದಕ್ಕೆ ಬದಲಾಯಿಸೋ ಲೆಕ್ಕಕ್ಕೆ ಬವೇರಿಯನ್ ಫಾರ್ಮುಲಾ ಅಂತಾರೆ: ಗರಿಷ್ಠದಿಂದ ನಿಮ್ಮದು ಕಳೀರಿ, ಗರಿಷ್ಠದಿಂದ ಪಾಸ್ ಅಂಕ ಕಳೆದಿದ್ರಿಂದ ಭಾಗಿಸಿ, 3ರಿಂದ ಗುಣಿಸಿ, 1 ಸೇರಿಸಿ. 10ರಲ್ಲಿ ಪಾಸ್ 4 ಅಂತ ಹಿಡಿದ್ರೆ ನಿಮ್ಮದು 2.2 ಬರತ್ತೆ. ಎಷ್ಟೋ ಕೋರ್ಸುಗಳು 2.5ರವರೆಗೆ ಅಂತ ಹೇಳ್ತಾವೆ, ಅಂದ್ರೆ ನೀವು ಆರಾಮಾಗಿ ಒಳಗಿದೀರಿ, ಆ ಹಾಳೆ ಹಿಡ್ಕೊಂಡು ಹೆದರ್ಕೊಂಡಿರಬೇಕಾಗಿಲ್ಲ. ಕೆಲವರು ಪಾಸ್ ಅಂಕ 5 ಅಂತ ಹಿಡೀತಾರೆ, ಆಗಲೂ 2.44.

ಯೂನಿವರ್ಸಿಟೇಟ್ ಮತ್ತೆ ಹೋಖ್‌ಶೂಲೆ ಅಂತ ಎರಡು ಥರ ಇದಾವೆ. ಹೋಖ್‌ಶೂಲೆ ಅಂದ್ರೆ ಕಡಿಮೆ ಅಂತ ನಮ್ಮಲ್ಲಿ ಒಂದು ಭಾವನೆ ಇದೆ, ಅದು ಸರಿಯಲ್ಲ. ಅಲ್ಲಿ ಥಿಯರಿ ಕಮ್ಮಿ, ಲ್ಯಾಬು ಪ್ರಾಜೆಕ್ಟು ಜಾಸ್ತಿ, ಮೇಷ್ಟ್ರುಗಳು ಕಂಪನಿಯಲ್ಲಿ ಕೆಲಸ ಮಾಡಿ ಬಂದವರಾಗಿರ್ತಾರೆ, ಮುಂದೆ ಪಿಎಚ್‌ಡಿ ಆಸೆ ಇದ್ರೆ ಯೂನಿವರ್ಸಿಟೇಟ್ ಸುಲಭ, ಕೆಲಸ ಬೇಕು ಅಂದ್ರೆ ಹೋಖ್‌ಶೂಲೆ ಚೆನ್ನಾಗೇ ಇದೆ.

ಸೇರಿದ ಮೇಲೆ ಹೇಗಿರತ್ತೆ ಅಂತ ಕೂಡ ಗೊತ್ತಿರ್ಲಿ, ಯಾಕಂದ್ರೆ ನಮ್ಮ ಕಾಲೇಜಿನ ಅಭ್ಯಾಸ ಇಲ್ಲಿ ನಡೆಯಲ್ಲ. ಬಹಳ ಕಡೆ ಅಟೆಂಡೆನ್ಸ್ ಇಲ್ಲ, ಇಂಟರ್ನಲ್ಸ್ ಇಲ್ಲ, ಯಾರೂ ಬೆನ್ನು ಹತ್ತಲ್ಲ. ಸೆಮಿಸ್ಟರ್ ಕೊನೆಯಲ್ಲಿ ಒಂದು ಪರೀಕ್ಷೆ, ಅದಕ್ಕೆ ನೀವೇ ನೆನಪಿಟ್ಕೊಂಡು ರಿಜಿಸ್ಟರ್ ಮಾಡ್ಕೋಬೇಕು, ತಾರೀಕು ದಾಟಿದ್ರೆ ಬರೆಯೋಹಾಗಿಲ್ಲ. ಕಡ್ಡಾಯ ಸಬ್ಜೆಕ್ಟಲ್ಲಿ ಸಾಮಾನ್ಯವಾಗಿ ಮೂರು ಸಲ ಅವಕಾಶ, ಮೂರನೇದೂ ಹೋದ್ರೆ ಕೋರ್ಸಿಂದಲೇ ಹೊರಗೆ, ಅದೇ ಕೋರ್ಸನ್ನ ಜರ್ಮನಿಯ ಬೇರೆ ಯೂನಿವರ್ಸಿಟಿಯಲ್ಲೂ ಮುಂದುವರಿಸೋಕೆ ಬಿಡಲ್ಲ. ನಮ್ಮಲ್ಲಿ ಬ್ಯಾಕ್ ಉಳಿಸ್ಕೊಂಡು ಆಮೇಲೆ ನೋಡೋಣ ಅಂತೀವಲ್ಲ, ಅದು ಇಲ್ಲಿ ಬೇಡ. ಮೊದಲ ಸೆಮಿಸ್ಟರಲ್ಲಿ ಸಬ್ಜೆಕ್ಟ್ ಕಮ್ಮಿ ತಗೊಂಡ್ರೂ ಪರವಾಗಿಲ್ಲ, ಎರಡು ವರ್ಷದ್ದು ಎರಡೂವರೆ ಮೂರು ಆಗೋದು ಇಲ್ಲಿ ಮಾಮೂಲು, ಯಾರೂ ಕೇವಲವಾಗಿ ನೋಡಲ್ಲ. ಇನ್ನೊಂದು ಸಂತೋಷದ ವಿಷಯ, ಯೂನಿವರ್ಸಿಟಿಯ ಭಾಷಾ ಕೇಂದ್ರದಲ್ಲಿ ಜರ್ಮನ್ ಕ್ಲಾಸು ಬಿಟ್ಟಿ ಇಲ್ಲ ಅಂದ್ರೆ ಸಣ್ಣ ಫೀಸು, ದಯವಿಟ್ಟು ಮೊದಲ ದಿನದಿಂದ ಸೇರಿ, ಕೋರ್ಸ್ ಇಂಗ್ಲಿಷಲ್ಲಿದ್ರೂ ಕೆಲಸ ಸಿಗೋದು ಜರ್ಮನಿಂದ. ಹಾಗೇ ಸಾಹಿತ್ಯದವರಿಗೆ ಒಂದು ಮಾತು, ವ್ಯುರ್ಟ್ಸ್‌ಬುರ್ಗ್ ಯೂನಿವರ್ಸಿಟಿಯ ಇಂಡಾಲಜಿಯಲ್ಲಿ ಬಿ.ಎ. ವಿವೇಕ ರೈ ಅವರು ಅತಿಥಿ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದಾರೆ, ಇಲ್ಲಿ ಕನ್ನಡವೂ ಓದೋ ವಿಷಯ ಅಂತ ನೆನಪಾದಾಗೆಲ್ಲ ಹೆಮ್ಮೆ ಆಗತ್ತೆ.

ತಮ್ಮನ ವಿಷಯ. ಪಿಯುಸಿ ಮುಗಿಸಿ ನೇರ ಬ್ಯಾಚುಲರ್ಸ್ ಸೇರೋದು ಕಷ್ಟ. ಒಂದೋ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಇಲ್ಲ ಅಲ್ಲೇ ಒಂದು ವರ್ಷ ಡಿಗ್ರಿ ಯಶಸ್ವಿಯಾಗಿ ಓದಿರಬೇಕು, ಇಲ್ಲ ಇಲ್ಲಿಗೆ ಬಂದು ಸ್ಟುಡಿಯೆನ್‌ಕೊಲೆಗ್ ಅಂತ ಒಂದು ವರ್ಷದ ತಯಾರಿ ಮಾಡಬೇಕು, ಅದಕ್ಕೆ ಜರ್ಮನ್ ಬರಬೇಕು. ಸರ್ಕಾರಿ ಕಡೆ ಬ್ಯಾಚುಲರ್ಸ್ ಹೆಚ್ಚಿನವು ಜರ್ಮನ್ ಭಾಷೆಯಲ್ಲೇ, ಮೆಡಿಕಲ್ಲೂ ಅಷ್ಟೇ. ಅವನು ಅಲ್ಲೇ ಡಿಗ್ರಿ ಮಾಡ್ಕೊಂಡು ಜೊತೆಗೆ ಜರ್ಮನ್ ಕಲೀಲಿ ಅನ್ನೋದು ನನ್ನ ಅಭಿಪ್ರಾಯ, ದುಡ್ಡೂ ಉಳಿಯತ್ತೆ.

ಖರ್ಚು ಚುಟುಕಾಗಿ: ವೀಸಾಗೆ ಬ್ಲಾಕ್ಡ್ ಅಕೌಂಟಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು, ತಿಂಗಳಿಗೆ 992ರಂತೆ ನಿಮ್ಮ ಖರ್ಚಿಗೇ ವಾಪಸ್ ಬರತ್ತೆ, ಈ ಮೊತ್ತ ಆಗಾಗ ಏರ್ತಾ ಬಂದಿದೆ ಹಾಗಾಗಿ ಹಾಕೋ ಮುಂಚೆ ನೋಡ್ಕೊಳ್ಳಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಇರೋಕೆ ಬಿಡ್ತಾರೆ. ಪಾರ್ಟ್‌ಟೈಮ್ ದುಡ್ಡಲ್ಲೇ ಲೋನ್ ತೀರಿಸ್ತೀನಿ ಅಂತ ಮನೇಲಿ ಹೇಳ್ಬೇಡಿ, ಖರ್ಚು ನಡೆಯತ್ತೆ, ಅಷ್ಟೇ.

ನೀವು ಈಗ ಮೊದಲು ಮಾಡಬೇಕಾಗಿರೋದು ಎಪಿಎಸ್ ಸರ್ಟಿಫಿಕೇಟ್. 2022ರ ನವೆಂಬರಿಂದ ನಮ್ಮ ದೇಶದವರಿಗೆ ಕಡ್ಡಾಯ, ನಿಮ್ಮ ಮಾರ್ಕ್ಸ್ ಕಾರ್ಡ್ ಎಲ್ಲ ಅಸಲಿ ಅಂತ ಎಪಿಎಸ್ ಕಚೇರಿಯವರು ಪರಿಶೀಲಿಸಿ ಕೊಡೋದು, ಫೀಸು 18,000 ರೂಪಾಯಿ, ವಾರಗಳೇ ಹಿಡಿಯತ್ತೆ, ಇದಿಲ್ಲದೆ ವೀಸಾಗೆ ಹೋಗೋಕಾಗಲ್ಲ. ಅದು ಬರೋವರೆಗೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೀರಿ, 6.5 ಬಹಳ ಕಡೆ ಸಾಕು. ಎಷ್ಟೋ ಯೂನಿವರ್ಸಿಟಿಗಳು ಯೂನಿ ಅಸಿಸ್ಟ್ ಅಂತ ಅರ್ಜಿ ಪರಿಶೀಲಿಸೋ ಸಂಸ್ಥೆ ಮೂಲಕ ಅಪ್ಲಿಕೇಷನ್ ತಗೊಳ್ತಾವೆ, ಮೊದಲನೇದಕ್ಕೆ 75 ಯೂರೋ, ಆಮೇಲಿನ ಪ್ರತಿಯೊಂದಕ್ಕೆ 30, ಉಳಿದವು ತಮ್ಮದೇ ಪೋರ್ಟಲಲ್ಲಿ ತಗೊಳ್ತಾವೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರಲ್ಲಿ ಶುರು, ಕೊನೆ ದಿನ ಜುಲೈ 15 ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಹೊರದೇಶದವರಿಗೆ ಎಷ್ಟೋ ಕೋರ್ಸಲ್ಲಿ ಮಾರ್ಚ್, ಮೇ ತಿಂಗಳಲ್ಲೇ ಮುಗಿದಿರತ್ತೆ, ಹಾಗಾಗಿ ಆರಿಸಿದ ಪ್ರತಿ ಕೋರ್ಸಿನ ಪುಟ ತೆಗೆದು ತಾರೀಕು ಒಂದು ಎಕ್ಸೆಲ್ ಶೀಟಲ್ಲಿ ಬರ್ಕೊಳ್ಳಿ. ಎಂಟು ಹತ್ತು ಕೋರ್ಸು ಸಾಕು, ಅದರಲ್ಲಿ ಮೂರ್ನಾಲ್ಕು ಪೂರ್ವ ಜರ್ಮನಿಯ ಊರುಗಳಲ್ಲಿರ್ಲಿ, ಚೆಮ್ನಿಟ್ಸ್, ಮಾಗ್ಡೆಬುರ್ಗ್ ಥರದ ಕಡೆ ಮ್ಯೂನಿಕ್ಕಿಗೆ ಹೋಲಿಸಿದ್ರೆ ರೂಮ್ ಬಾಡಿಗೆ ಎಷ್ಟೋ ಕಮ್ಮಿ, ರೂಮೂ ಬೇಗ ಸಿಗತ್ತೆ.