ಅಮ್ಮನ ನಾಲಿಗೆ ಮೇಲೆ ಬಿಳಿ ಪದರ

ಪ್ರಶ್ನೆ: ಅಮ್ಮನಿಗೆ 68 ವರ್ಷ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ತಗೊಳ್ತಾರೆ. ನಾಲಿಗೆ, ಕೆನ್ನೆಯ ಒಳಗೆಲ್ಲ ಬಿಳಿ ಪದರ. ಉಣ್ಣುವಾಗ ಉರಿ. ಏನಿದು ಡಾಕ್ಟ್ರೇ?

ಉತ್ತರ: ನೀವು ಹೇಳಿದ್ದು ನೋಡಿದರೆ ಕ್ಯಾಂಡಿಡಾ ಅನ್ನೋ ಶಿಲೀಂಧ್ರದ ಸೋಂಕು ಅನ್ನಿಸುತ್ತದೆ. ಎಷ್ಟೋ ಜನರ ಬಾಯಲ್ಲಿ ಅದು ಸುಮ್ನೆ ಇರುತ್ತದೆ. ಸ್ಟೀರಾಯ್ಡ್ ಬಾಯಲ್ಲೇ ಉಳಿದರೆ ಜಾಸ್ತಿಯಾಗುತ್ತದೆ. ಸಕ್ಕರೆ ಕಾಯಿಲೆ, ರಾತ್ರಿಯೂ ತೆಗೆಯದ ಹಲ್ಲಿನ ಸೆಟ್ಟೂ ಕಾರಣವಾಗಬಹುದು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಪದರ ಗಡ್ಡೆಮೊಸರಿನ ಹಾಗೆ ಕಿತ್ತುಬಂದು ಕೆಳಗೆ ಕೆಂಪಗೆ ಕಂಡರೆ ಬಹುಮಟ್ಟಿಗೆ ಇದೇ. ಒರೆಸಿದರೂ ಹೋಗದ ಬಿಳಿ ಮಚ್ಚೆಯಾದರೆ ಕಾಯಬೇಡಿ, ಅದು ಬೇರೆಯೇ ಇರಬಹುದು, ದಂತವೈದ್ಯರಿಗೆ ತೋರಿಸಿ.

ಹೆದರಿ ಇನ್‌ಹೇಲರ್ ಮಾತ್ರ ನಿಲ್ಲಿಸಬೇಡಿ! ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ. ಸೋಂಕಿಗೆ ಬಾಯಿಗೆ ಹಚ್ಚುವ ಔಷಧಿ ಇದೆ, ವೈದ್ಯರು ಬರೆದುಕೊಡುತ್ತಾರೆ. ನುಂಗುವಾಗ ನೋವಿದ್ದರೆ ಇವತ್ತೇ ಹೋಗಿ.