ತಯಾರಕರ ಕೈಪಿಡಿಯನ್ನು ವಿಮಾನಯಾನ ಸಂಸ್ಥೆ ತಿದ್ದಬಹುದೇ?

ಪ್ರಶ್ನೆ: ವಿಮಾನವನ್ನು ಹಾರಿಸುವ ವಿಧಾನವನ್ನು ಅದನ್ನು ತಯಾರಿಸಿದ ಕಂಪನಿಯೇ ಬರೆದುಕೊಡುತ್ತದೆ. ಆದರೂ ವಿಮಾನಯಾನ ಸಂಸ್ಥೆಗಳು ಅದನ್ನು ಬದಲಿಸಿಕೊಳ್ಳುತ್ತವೆ ಎಂದು ಕೇಳಿದ್ದೇನೆ. ಇದಕ್ಕೆ ಅವಕಾಶವಿದೆಯೇ? ಸುರಕ್ಷತೆಗೆ ಧಕ್ಕೆಯಾಗುವುದಿಲ್ಲವೇ?

ಉತ್ತರ: ಅವಕಾಶವಿದೆ, ಆದರೆ ಎಲ್ಲದಕ್ಕೂ ಅಲ್ಲ. ಗರಿಷ್ಠ ತೂಕ, ವೇಗದ ಮಿತಿ ಮೊದಲಾದವುಗಳನ್ನು ಒಳಗೊಂಡ ಫ್ಲೈಟ್ ಮ್ಯಾನ್ಯುಯಲ್, ವಿಮಾನಕ್ಕೆ ಸರ್ಕಾರಿ ನಿಯಂತ್ರಕರು ನೀಡುವ ಪ್ರಮಾಣೀಕರಣದ ಭಾಗವಾಗಿರುವುದರಿಂದ ಅದರ ಮಿತಿಗಳನ್ನು ಯಾವ ಸಂಸ್ಥೆಯೂ ಮೀರುವಂತಿಲ್ಲ. ಬೋಯಿಂಗ್, ಏರ್‌ಬಸ್‌ನಂಥ ತಯಾರಕರು ಕೊಡುವ ದಿನನಿತ್ಯದ ಕಾರ್ಯಾಚರಣೆಯ ಕೈಪಿಡಿಯ ವಿಷಯ ಬೇರೆ. ಅದನ್ನು ಆಧಾರವಾಗಿಟ್ಟುಕೊಂಡು ಪ್ರತಿ ಸಂಸ್ಥೆಯೂ ತನ್ನದೇ ಕೈಪಿಡಿಯನ್ನು ಸಿದ್ಧಪಡಿಸಿ, ತನ್ನ ದೇಶದ ನಿಯಂತ್ರಕರ ಒಪ್ಪಿಗೆ ಪಡೆಯುತ್ತದೆ.

ಬದಲಾವಣೆಗೆ ನ್ಯಾಯವಾದ ಕಾರಣಗಳೂ ಇರುತ್ತವೆ. ಹಲವು ಮಾದರಿಯ ವಿಮಾನಗಳಿರುವ ಸಂಸ್ಥೆಯು ಪೈಲಟ್‌ಗಳು ಪರಸ್ಪರ ಕೂಗಿ ಹೇಳುವ ಮಾತುಗಳನ್ನೂ ಚೆಕ್‌ಲಿಸ್ಟ್ ಓದುವ ಕ್ರಮವನ್ನೂ ಎಲ್ಲ ಮಾದರಿಗಳಲ್ಲಿ ಒಂದೇ ಬಗೆಯಾಗಿಡಲು ಬಯಸುತ್ತದೆ. ಇಂಧನ ಉಳಿಸಲು ನೆಲದ ಮೇಲೆ ಒಂದೇ ಎಂಜಿನ್ನಿನಲ್ಲಿ ಚಲಿಸುವುದೂ ಸಾಮಾನ್ಯ.

ನನ್ನ ಅಭಿಪ್ರಾಯದಲ್ಲಿ ತೊಂದರೆ ಹುಟ್ಟುವುದು ಬದಲಾವಣೆಯಿಂದಲ್ಲ. ಮೂಲ ವಿಧಾನ ಯಾವ ಸಂದರ್ಭಕ್ಕಾಗಿ ಇತ್ತೆಂಬುದು ಮರೆತುಹೋಗುವುದರಿಂದ. 1999ರ ಸೆಪ್ಟೆಂಬರ್ 23ರಂದು ಕ್ವಾಂಟಾಸ್ ಸಂಸ್ಥೆಯ ಬೋಯಿಂಗ್ 747-400 ವಿಮಾನವು ಬ್ಯಾಂಕಾಕ್‌ನಲ್ಲಿ ಭಾರಿ ಮಳೆಯ ನಡುವೆ ಇಳಿದು, ರನ್‌ವೇಯ ಕೊನೆಯನ್ನು ದಾಟಿ ಮುಂದೆ ಸಾಗಿತು. ಸಂಸ್ಥೆಯು ಕೆಲವು ವರ್ಷಗಳ ಹಿಂದೆಯೇ ಫ್ಲ್ಯಾಪ್‌ಗಳನ್ನು (ನಿಧಾನವಾಗಿ ಇಳಿಯಲು ನೆರವಾಗುವಂತೆ ರೆಕ್ಕೆಯಿಂದ ಹೊರಚಾಚುವ ಫಲಕಗಳನ್ನು) 30ರ ಬದಲು, ಅದಕ್ಕಿಂತ ಕಡಿಮೆ ಚಾಚಿದ 25ರ ಸ್ಥಾನದಲ್ಲಿಟ್ಟು, ಎಂಜಿನ್ನಿನ ರಿವರ್ಸ್ ಥ್ರಸ್ಟನ್ನು (ವಿಮಾನದ ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವುದನ್ನು) ಪೂರ್ಣವಾಗಿ ಬಳಸದೆ ಇಳಿಯುವುದನ್ನು ವಾಡಿಕೆಯ ಕ್ರಮವಾಗಿಸಿತ್ತು. ಒಣ ರನ್‌ವೇಯಲ್ಲಿ ಇದು ಖರ್ಚನ್ನೂ ಸದ್ದನ್ನೂ ತಗ್ಗಿಸುವ, ಆಕ್ಷೇಪಿಸಲಾಗದ ವಿಧಾನ. ನೀರು ನಿಂತ ರನ್‌ವೇಯಲ್ಲಾದರೋ ಚಕ್ರಗಳು ಹಿಡಿತ ಕಳೆದುಕೊಂಡಾಗ ನೆರವಿಗೆ ಬರುವುದು ಅದೇ ರಿವರ್ಸ್ ಥ್ರಸ್ಟ್. ಹೊಸ ಕ್ರಮದ ಅಪಾಯಗಳನ್ನು ಮೊದಲೇ ಸರಿಯಾಗಿ ಅಳೆದಿರಲಿಲ್ಲ, ನೀರು ತುಂಬಿದ ರನ್‌ವೇಗೆ ಬೇಕಾದ ತರಬೇತಿ ಸಾಲದಾಗಿತ್ತು ಎಂದು ಆಸ್ಟ್ರೇಲಿಯಾದ ತನಿಖಾಧಿಕಾರಿಗಳು ಕಂಡುಕೊಂಡರು. ಅದೊಂದೇ ಕಾರಣವಲ್ಲವೆನ್ನಿ: ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವ ನಿರ್ಧಾರವನ್ನು ಕ್ಯಾಪ್ಟನ್ ಕೊನೆಯ ಕ್ಷಣದಲ್ಲಿ ರದ್ದುಪಡಿಸಿದ್ದರಿಂದ ಉಂಟಾದ ಗೊಂದಲದಲ್ಲಿ ರಿವರ್ಸ್ ಥ್ರಸ್ಟ್ ಬಳಕೆಯೇ ಆಗಲಿಲ್ಲ, ಆಗಲಿಲ್ಲವೆಂಬುದು ಕಾಕ್‌ಪಿಟ್‌ನಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಪೂರ್ಣ ರಿವರ್ಸ್ ಎಂದಿನ ಅಭ್ಯಾಸವಾಗಿದ್ದಿದ್ದರೆ ಆ ಕೊರತೆ ಬೇಗ ಕಣ್ಣಿಗೆ ಬೀಳುತ್ತಿತ್ತೇನೋ. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ.

ದುರಸ್ತಿ ವಿಧಾನಗಳಿಗೂ ಇದೇ ಮಾತು ಅನ್ವಯಿಸುತ್ತದೆ. 1979ರ ಮೇ 25ರಂದು ಷಿಕಾಗೋದಲ್ಲಿ 273 ಜನರನ್ನು ಬಲಿ ತೆಗೆದುಕೊಂಡ ಡಿಸಿ-10 ಅಪಘಾತದ ಮೂಲವು, ಎಂಜಿನ್ನನ್ನೂ ಅದನ್ನು ರೆಕ್ಕೆಗೆ ಹಿಡಿದಿಡುವ ಪೈಲನ್ನನ್ನೂ ಬೇರೆಬೇರೆಯಾಗಿ ಇಳಿಸಬೇಕೆಂಬ ತಯಾರಕರ ಸೂಚನೆಯನ್ನು ಬಿಟ್ಟು, ಸಮಯ ಉಳಿಸಲು ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್‌ನಿಂದ ಇಳಿಸಿ ಏರಿಸಿದ್ದರಲ್ಲಿತ್ತು.

ಆದ್ದರಿಂದ ಒಂದು ಹಂತವನ್ನು ತೆಗೆಯುವ ಮುನ್ನ ಅದು ಅಲ್ಲಿ ಏಕಿದೆಯೆಂದು ತಯಾರಕರನ್ನೇ ಕೇಳುವುದು, ಹೊಸ ಕ್ರಮವನ್ನು ಕೆಟ್ಟ ಹವಾಮಾನವೂ ಸೇರಿದಂತೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸುವುದು, ಜಾರಿಯಾದ ಮೇಲೆ ಹಾರಾಟದ ದತ್ತಾಂಶವನ್ನು ಗಮನಿಸುತ್ತಿರುವುದು ಅಗತ್ಯ. ತಯಾರಕರು ತಮ್ಮ ಕೈಪಿಡಿಯನ್ನು ಪರಿಷ್ಕರಿಸಿದಾಗಲೆಲ್ಲ ಸಂಸ್ಥೆಯು ತನ್ನ ತಿದ್ದುಪಡಿಗಳನ್ನು ಅದರೊಂದಿಗೆ ಮತ್ತೆ ತಾಳೆ ನೋಡಬೇಕಾಗುತ್ತದೆ. ಈ ಹೊರೆ ಬೇಡವೆಂದು ಮೂಲವನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳುವ ಸಂಸ್ಥೆಗಳೂ ಇವೆ.